ಹುಟ್ಟಿನೊಡನೆ ಬಂದ ರೋಗಕ್ಕೆ ಹೊಣೆ ಯಾರು?

ಮನೆಯಲ್ಲಿ ಶಿಶುವೊಂದು ಜನಿಸಿ, ತಿಂಗಳುಗಳು ಕಳೆದರೂ ಕತ್ತು ನಿಲ್ಲದೆ, ತಾಯಿಯ ಮುಖವನ್ನು ಗುರುತಿಸಿ ನಗದೆ, ಕರೆದರೆ ತಿರುಗಿ ನೋಡದೆ ಇರುವಾಗ, ಆ ಮನೆಯವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ 'ಇದು ಯಾರ ತಪ್ಪಿನ ಫಲ?' ಎಂಬುದು. ಕೆಲವರು ಅದನ್ನು ಮಗುವಿನ ಪೂರ್ವಜನ್ಮದ ಕರ್ಮವೆನ್ನುವರು. ಕೆಲವರು ಹಿರಿಯರು ಎಂದೋ ಮಾಡಿದ ಪಾಪವೆನ್ನುವರು. ಇನ್ನು ಹಲವರು ಅಷ್ಟು ದೂರ ಹೋಗುವ ಶ್ರಮವನ್ನೂ ತೆಗೆದುಕೊಳ್ಳದೆ ಸೊಸೆಯ ತವರುಮನೆಯ ಕಡೆಗೆ ಬೆರಳು ಮಾಡುವರು. ಈ ಮೂರು ಉತ್ತರಗಳೂ ಮೇಲುನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಅವುಗಳಿಂದ ಆಗುವ ಕೆಲಸ ಒಂದೇ. ತಪ್ಪು ಯಾರೋ ಒಬ್ಬರದೆಂದು ನಿರ್ಣಯವಾದ ಕೂಡಲೇ ಉಳಿದವರೆಲ್ಲರೂ ತಮ್ಮ ಹೊಣೆ ಕಳೆಯಿತೆಂದು ತಿಳಿಯುತ್ತಾರೆ. ಮಗುವಾದರೋ ತೊಟ್ಟಿಲಿನಲ್ಲಿ ಹಾಗೆಯೇ ಇರುತ್ತದೆ.

ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವ ಗೃಹಸ್ಥರು ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕಾಗಿದೆ. ಭಕ್ತನಾದವನ ಪೂರ್ವಾಶ್ರಯವನ್ನು ಕೇಳಬಾರದೆಂಬುದು ನಮ್ಮಲ್ಲಿ ನಡೆದುಬಂದ ನಿಯಮ. ಜನನಸೂತಕವನ್ನು ಒಪ್ಪದಿರುವುದು ನಮ್ಮ ಆಚಾರ. ಶಿಶು ಇನ್ನೂ ಗರ್ಭದಲ್ಲಿರುವಾಗಲೇ ಅದಕ್ಕೆ ಲಿಂಗಧಾರಣೆ ಮಾಡಿಸುವ ಪದ್ಧತಿ ಅನೇಕ ಮನೆಗಳಲ್ಲಿ ಉಂಟು. ಹುಟ್ಟಲಿರುವ ಮಗು ಬುದ್ಧಿಶಾಲಿಯೋ ಅಲ್ಲವೋ, ದೃಢಕಾಯವೋ ಅಲ್ಲವೋ ಎಂದು ಕೇಳದೆಯೇ ಅದನ್ನು ನಮ್ಮದೆಂದು ಒಪ್ಪಿಕೊಂಡ ಮೇಲೆ, ಹುಟ್ಟಿದ ಅನಂತರ ಅದರ ರೋಗವನ್ನು ಕಂಡು ಪೂರ್ವಜನ್ಮದ ಲೆಕ್ಕವನ್ನು ತೆಗೆಯುವುದು ಹೇಗೆ ಸಲ್ಲುತ್ತದೆ? ಆದರೆ ಈ ವಿಷಯವನ್ನು ಬರಿಯ ಭಾವನೆಯಿಂದ ನಿರ್ಣಯಿಸುವುದು ಸಾಲದು. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರವು ಕಂಡುಕೊಂಡ ಸಂಗತಿಗಳನ್ನು ಮೊದಲು ತಿಳಿದು, ಆಮೇಲೆ ಧರ್ಮದ ಮಾತನ್ನು ಆಡೋಣ.

1902ರಲ್ಲಿ ಲಂಡನ್ನಿನ ವೈದ್ಯರಾದ ಆರ್ಚಿಬಾಲ್ಡ್ ಗ್ಯಾರಡ್ ಎಂಬವರು ಆಲ್ಕಾಪ್ಟೋನೂರಿಯಾ ಎಂಬ ಅಪರೂಪದ ಸ್ಥಿತಿಯನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ಈ ಸ್ಥಿತಿಯುಳ್ಳವರ ಮೂತ್ರವು ಗಾಳಿ ತಾಕಿದರೆ ಕಪ್ಪಾಗುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನೂ, ತಂದೆತಾಯಿಗಳು ಮಾತ್ರ ಆರೋಗ್ಯವಂತರಾಗಿರುವುದನ್ನೂ, ಅಂಥ ದಂಪತಿಗಳು ಅನೇಕ ವೇಳೆ ಒಬ್ಬನೇ ಅಜ್ಜನ ಮೊಮ್ಮಕ್ಕಳಾಗಿರುವುದನ್ನೂ ಗ್ಯಾರಡ್ ಗಮನಿಸಿದರು. ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳಲ್ಲಿ ಕಂಡುಹಿಡಿದಿದ್ದ ಅನುವಂಶದ ನಿಯಮವೇ ಇಲ್ಲಿಯೂ ನಡೆಯುತ್ತಿದೆಯೆಂದು ವಿಲಿಯಂ ಬೇಟ್‌ಸನ್ ಎಂಬ ವಿದ್ವಾಂಸರು ಅವರಿಗೆ ತೋರಿಸಿಕೊಟ್ಟರು. 1908ರಲ್ಲಿ ಗ್ಯಾರಡ್ ಕೊಟ್ಟ ಉಪನ್ಯಾಸಗಳಲ್ಲಿ ಇಂಥ ಸ್ಥಿತಿಗಳೆಲ್ಲಕ್ಕೂ ಸೇರಿ ಒಂದು ಹೆಸರು ಬಂದಿತು: ಚಯಾಪಚಯದ ಹುಟ್ಟುದೋಷಗಳು. ಉಂಡ ಅನ್ನವನ್ನು ಶರೀರವು ಒಡೆದು, ಬದಲಿಸಿ, ರಕ್ತಮಾಂಸಗಳನ್ನಾಗಿ ಮಾಡಿಕೊಳ್ಳುವ ಕಾರ್ಯಪರಂಪರೆಗೆ ಚಯಾಪಚಯವೆಂದು ಹೆಸರು. ಅದರಲ್ಲಿ ಒಂದು ಮೆಟ್ಟಿಲು ಹುಟ್ಟಿನಿಂದಲೇ ಮುರಿದಿದ್ದರೆ ಅದಕ್ಕೆ ಹುಟ್ಟುದೋಷ. ಇಲ್ಲಿ ದೋಷವೆಂದರೆ ಪಾಪವಲ್ಲ. ಕೊರತೆ ಎಂದಿಷ್ಟೇ ಅರ್ಥ.

ಅನುವಂಶದ ಆ ನಿಯಮವನ್ನು ಸರಳವಾಗಿ ಹೀಗೆ ಹೇಳಬಹುದು. ಶರೀರದ ಕೆಲಸಗಳಿಗೆ ಬೇಕಾದ ಆಜ್ಞೆಗಳು ವಂಶವಾಹಿಗಳೆಂಬ ರೂಪದಲ್ಲಿ ನಮ್ಮ ಜೀವಕಣಗಳಲ್ಲಿ ಇರುತ್ತವೆ. ಬಹುಮಟ್ಟಿಗೆ ಪ್ರತಿಯೊಂದು ಆಜ್ಞೆಗೂ ಎರಡು ಪ್ರತಿಗಳು. ಒಂದು ತಂದೆಯಿಂದ ಬಂದುದು, ಮತ್ತೊಂದು ತಾಯಿಯಿಂದ ಬಂದುದು. ಒಂದು ಪ್ರತಿ ಕೆಟ್ಟಿದ್ದರೂ ಮತ್ತೊಂದು ಸರಿಯಾಗಿದ್ದರೆ ಈ ಜಾತಿಯ ರೋಗಗಳಲ್ಲಿ ಕೆಲಸ ಸಾಗುತ್ತದೆ; ಅಂಥ ಮನುಷ್ಯನಿಗೆ ತನ್ನಲ್ಲಿ ಕೊರತೆಯುಂಟೆಂಬುದೇ ಜೀವಮಾನವೆಲ್ಲ ತಿಳಿಯದು. ಇಂಥ ಇಬ್ಬರು ದಂಪತಿಗಳಾದಾಗ ಮಾತ್ರ, ಕೆಟ್ಟ ಪ್ರತಿಗಳೆರಡೂ ಒಂದೇ ಮಗುವಿನಲ್ಲಿ ಕೂಡುವ ಸಂಭವವುಂಟು. ಆ ಸಂಭವ ನಾಲ್ಕರಲ್ಲಿ ಒಂದು. ಅದೂ ಪ್ರತಿಯೊಂದು ಬಸಿರಿನಲ್ಲಿಯೂ ಹೊಸದಾಗಿ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದುಹೋದುದರಿಂದ ಮುಂದಿನವರು ಪಾರಾದರೆಂದು ತಿಳಿಯಲಾಗದು. ಈ ಲೆಕ್ಕದಲ್ಲಿ ತಂದೆಯ ಪಾಲು ಎಷ್ಟೋ ತಾಯಿಯ ಪಾಲೂ ಅಷ್ಟೇ. ಸೊಸೆಯನ್ನು ದೂರುವ ಅತ್ತೆಯು ಆ ಅರ್ಧವನ್ನು ತನ್ನ ಮಗನೇ ಕೊಟ್ಟನೆಂಬುದನ್ನು ಮರೆಯುತ್ತಾಳೆ. ಆ ಮಗನಿಗೆ ಅದು ಬಂದುದಾದರೂ ಎಲ್ಲಿಂದ? ಅವಳಿಂದಲೇ ಬಂದಿರಬಹುದು, ಅವಳ ಪತಿಯಿಂದಲೂ ಬಂದಿರಬಹುದು.

ಈ ರೋಗಗಳಲ್ಲಿ ಸಾವಿರಕ್ಕೂ ಹೆಚ್ಚು ಬಗೆಗಳು ಇಂದು ತಿಳಿದಿವೆ. ಎಲ್ಲವನ್ನೂ ಹೇಳಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲದು. ಆದುದರಿಂದ ಫೀನೈಲ್‌ಕೀಟೋನೂರಿಯಾ ಎಂಬ ಒಂದನ್ನೇ ಇಲ್ಲಿ ಎತ್ತಿಕೊಳ್ಳುತ್ತೇವೆ. ಹಾಲು, ಬೇಳೆ, ಕಾಳು, ಮಾಂಸ ಇವುಗಳಲ್ಲಿರುವ ಪ್ರೋಟೀನು ಜೀರ್ಣವಾದಾಗ ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳಾಗುತ್ತದೆ. ಅವುಗಳಲ್ಲೊಂದು ಫೀನೈಲ್‌ಅಲನೀನ್. ಯಕೃತ್ತಿನಲ್ಲಿರುವ ಒಂದು ಕಿಣ್ವವು ಇದರ ಬಹುಭಾಗವನ್ನು ಟೈರೋಸಿನ್ ಎಂಬ ಮತ್ತೊಂದು ಘಟಕವನ್ನಾಗಿ ಬದಲಿಸುತ್ತದೆ. ಆ ಕಿಣ್ವದ ಆಜ್ಞೆ ಎರಡು ಪ್ರತಿಗಳಲ್ಲಿಯೂ ಕೆಟ್ಟಿದ್ದರೆ ಫೀನೈಲ್‌ಅಲನೀನ್ ರಕ್ತದಲ್ಲಿ ಸಹಜಕ್ಕಿಂತ ಇಪ್ಪತ್ತು ಪಟ್ಟಿಗೂ ಮೀರಿ ಕೂಡಿಕೊಂಡು, ಬೆಳೆಯುತ್ತಿರುವ ಮೆದುಳನ್ನು ಕೆಡಿಸುತ್ತದೆ. ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ವಸ್ತು ಟೈರೋಸಿನ್‌ನಿಂದಲೇ ಆಗತಕ್ಕುದರಿಂದ ಇಂಥ ಮಕ್ಕಳು ಒಡಹುಟ್ಟಿದವರಿಗಿಂತ ಬಿಳಿಚಿಕೊಂಡಿರುತ್ತಾರೆ. ಹುಟ್ಟಿದ ದಿನ ಮಗುವಿನಲ್ಲಿ ಯಾವ ಕುಂದೂ ಕಾಣದು. ತಾಯಿಯ ಗರ್ಭದಲ್ಲಿದ್ದಷ್ಟು ಕಾಲ ತಾಯಿಯ ಶರೀರವೇ ಮಗುವಿನ ಪರವಾಗಿ ಆ ಕೆಲಸವನ್ನು ಮಾಡಿರುತ್ತದೆ. ಕೇಡು ಆರಂಭವಾಗುವುದು ಹಾಲು ಕುಡಿಯತೊಡಗಿದ ಮೇಲೆ. ಎಲ್ಲ ಮಕ್ಕಳಿಗೂ ಅಮೃತವಾಗುವ ಹಾಲು ಈ ಒಂದು ಮಗುವಿಗೆ ದಿನದಿನಕ್ಕೂ ವಿಷವಾಗುತ್ತ ಹೋಗುತ್ತದೆ.

ಇದು ಮೊದಲು ತಿಳಿದುಬಂದುದು 1934ರಲ್ಲಿ, ನಾರ್ವೆ ದೇಶದ ಆಸ್ಲೋ ನಗರದಲ್ಲಿ. ಬುದ್ಧಿ ಬೆಳೆಯದ ಎರಡು ಮಕ್ಕಳ ತಾಯಿಯೊಬ್ಬಳು ವೈದ್ಯರಿಂದ ವೈದ್ಯರಿಗೆ ಅಲೆದಿದ್ದಳು. ಮಕ್ಕಳ ಮೈಯಿಂದ ಬರುತ್ತಿದ್ದ ಒಂದು ಬಗೆಯ ವಾಸನೆಗೆ ಕಾರಣವೇನೆಂದು ಅವಳು ಎಲ್ಲರನ್ನೂ ಕೇಳಿದಳು, ಉತ್ತರ ಸಿಕ್ಕಲಿಲ್ಲ. ಕಡೆಗೆ ವೈದ್ಯರೂ ರಸಾಯನಶಾಸ್ತ್ರಜ್ಞರೂ ಆಗಿದ್ದ ಆಸ್‌ಬ್ಯೋರ್ನ್ ಫೊಲಿಂಗ್ ಆ ಮಾತನ್ನು ಅಲ್ಲಗಳೆಯದೆ ಕೇಳಿದರು. ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣವನ್ನು ಬೆರೆಸಿದಾಗ, ಅವರು ನಿರೀಕ್ಷಿಸದಿದ್ದ ಹಸಿರು ಬಣ್ಣ ಕಂಡಿತು. ಆ ಬಣ್ಣದ ಕಾರಣವನ್ನು ಹುಡುಕಲು ತಾಯಿ ಇಪ್ಪತ್ತು ಲೀಟರಿಗೂ ಮಿಕ್ಕ ಮೂತ್ರವನ್ನು ಕೂಡಿಸಿ ತಂದುಕೊಟ್ಟಳು. ಅದರಿಂದ ಫೊಲಿಂಗ್ ರೋಗದ ರಸಾಯನವನ್ನು ಬಿಡಿಸಿದರು. ಬುದ್ಧಿಮಾಂದ್ಯರ ಆಶ್ರಯಸ್ಥಾನಗಳಲ್ಲಿದ್ದ ನೂರಾರು ಜನರನ್ನು ಪರೀಕ್ಷಿಸಿ ಇನ್ನೂ ಎಂಟು ಜನರಲ್ಲಿ ಅದೇ ರೋಗವನ್ನು ಕಂಡರು. ಆದರೆ ಈ ತಿಳಿವಿನಿಂದ ಆ ತಾಯಿಯ ಮಕ್ಕಳಿಗೆ ಪ್ರಯೋಜನವಾಗಲಿಲ್ಲ. ಅವರ ಮೆದುಳಿಗೆ ಆಗಬಾರದ ಹಾನಿ ಆಗಿಹೋಗಿತ್ತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆ ತಾಯಿ ತನ್ನ ಮಕ್ಕಳಿಗೆ ಹಾಲನ್ನು ಕೊಟ್ಟಳು. ಆ ಹಾಲಿನಿಂದಲೇ ಮಕ್ಕಳು ಕೆಟ್ಟರು. ಹಾಗಾದರೆ ಅವಳು ಅಪರಾಧಿಯೇ? ಯಾವ ನ್ಯಾಯಪೀಠವೂ ಹಾಗೆ ಹೇಳಲಾರದು. ಅಂದು ಲೋಕದಲ್ಲಿ ಯಾರಿಗೂ ಆ ಸಂಗತಿ ತಿಳಿದಿರಲಿಲ್ಲ. ಇಂದು ಅದನ್ನು ತಿಳಿದವನೊಬ್ಬನು ಅಂಥ ಮಗುವಿಗೆ ಅಳತೆಯಿಲ್ಲದೆ ಹಾಲು ಕುಡಿಸಿದರೆ ಅವನನ್ನು ಅಪರಾಧಿಯೆನ್ನದೆ ಬಿಡಲಾಗದು. ಹಾಲು ಅದೇ, ಮಗುವಿನ ಶರೀರವೂ ಅದೇ. ಬದಲಾದುದು ಮನುಷ್ಯನ ತಿಳಿವು. ಅಂದ ಮೇಲೆ, ಹುಟ್ಟಿನಲ್ಲಿ ಯಾರ ತಪ್ಪೂ ಇಲ್ಲ. ತಪ್ಪು ಎಂಬುದಕ್ಕೆ ಎಡೆಯಾಗುವುದು ತಿಳಿದ ಮೇಲೆ. ಈ ಲೇಖನದ ಮುಖ್ಯ ವಿಚಾರ ಇಷ್ಟೇ. ಮುಂದಿನ ಚರಿತ್ರೆಯನ್ನು ಇದೇ ದೃಷ್ಟಿಯಿಂದ ನೋಡಬೇಕೆಂದು ವಾಚಕರಲ್ಲಿ ವಿನಂತಿ.

ಫೊಲಿಂಗ್ ರೋಗವನ್ನು ಕಂಡುಹಿಡಿದ ಅದೇ 1934ರಲ್ಲಿ ನಾರ್ವೆಯ ಶಾಸನಸಭೆಯು ಸಂತಾನಹರಣ ಚಿಕಿತ್ಸೆಯ ಕಾಯಿದೆಯೊಂದನ್ನು ಮಾಡಿತು. ಹಿಂದಿನ ವರ್ಷವೇ ಜರ್ಮನಿಯಲ್ಲಿ ಅದಕ್ಕಿಂತ ಕ್ರೂರವಾದ ಕಾಯಿದೆ ಬಂದಿತ್ತು. ಅದರಂತೆ ಅಲ್ಲಿ ಲಕ್ಷಗಟ್ಟಲೆ ಜನರಿಗೆ ಬಲಾತ್ಕಾರದಿಂದ ಶಸ್ತ್ರಚಿಕಿತ್ಸೆ ಮಾಡಲಾಯಿತು. ಅಮೆರಿಕದ ಇಂಡಿಯಾನಾ ಸಂಸ್ಥಾನವು 1907ರಷ್ಟು ಹಿಂದೆಯೇ ಇಂಥ ಕಾಯಿದೆಗೆ ದಾರಿ ತೋರಿಸಿತ್ತು. ಬುದ್ಧಿಮಾಂದ್ಯರು ಕುಲಕ್ಕೆ ಕಳಂಕ, ಅವರಿಗೆ ಸಂತಾನವಾಗದಂತೆ ತಡೆದರೆ ಕುಲ ಶುದ್ಧವಾಗುವುದು ಎಂಬುದು ಆ ಕಾಯಿದೆಗಳ ಹಿಂದಿದ್ದ ತರ್ಕ. ಹುಟ್ಟೇ ಅಪರಾಧವೆಂಬ ಭಾವನೆಯು ಪುರಾಣದ ಮಾತನ್ನು ಬಿಟ್ಟು ವಿಜ್ಞಾನದ ಮಾತನ್ನಾಡತೊಡಗಿದರೆ ಹೇಗಿರುವುದೆಂಬುದಕ್ಕೆ ಇದು ನಿದರ್ಶನ.

ಈ ತರ್ಕಕ್ಕೆ ಉತ್ತರವನ್ನು ಇಂಗ್ಲೆಂಡಿನ ಲಯನೆಲ್ ಪೆನ್‌ರೋಸ್ 1946ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಕೊಟ್ಟರು. ಫೀನೈಲ್‌ಕೀಟೋನೂರಿಯಾವನ್ನೇ ದೃಷ್ಟಾಂತವಾಗಿ ತೆಗೆದುಕೊಂಡು, ಸಂತಾನಹರಣದಿಂದ ಈ ರೋಗವನ್ನು ಅಳಿಸುವ ಯೋಚನೆ ಎಷ್ಟು ಹುರುಳಿಲ್ಲದುದೆಂದು ಅವರು ತೋರಿಸಿದರು. ಲೆಕ್ಕ ಕಠಿನವಾದುದಲ್ಲ. ಯೂರೋಪಿನ ಜನರಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ಒಂದು ಮಗುವಿಗೆ ಈ ರೋಗವಿದ್ದರೆ, ಕೆಟ್ಟ ಪ್ರತಿಯೊಂದನ್ನು ಹೊತ್ತಿರುವ ಆರೋಗ್ಯವಂತರು ಐವತ್ತು ಜನರಿಗೆ ಒಬ್ಬರಂತೆ, ಹತ್ತು ಸಾವಿರದಲ್ಲಿ ಸುಮಾರು 200 ಜನ ಇರುತ್ತಾರೆ. ರೋಗಿ ಒಬ್ಬ, ಅವನಲ್ಲಿರುವ ಕೊರತೆಯ ಅರ್ಧಭಾಗವನ್ನು ಹೊತ್ತು, ಗೌರವದಿಂದ ಬಾಳುತ್ತ, ಮದುವೆಮುಂಜಿಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವವರು ಇನ್ನೂರು! ಯಾರನ್ನು ಶುದ್ಧಿ ಮಾಡುವುದು? ಈ ಒಂದು ರೋಗದ ಮಾತು ಬಿಟ್ಟರೂ, ಇಂಥ ಯಾವುದಾದರೊಂದು ಕೆಟ್ಟ ಪ್ರತಿಯನ್ನು ಹೊರದ ಮನುಷ್ಯನು ಸಿಕ್ಕುವುದು ದುರ್ಲಭವೆಂದು ಇಂದಿನ ಶಾಸ್ತ್ರವು ಹೇಳುತ್ತದೆ. ಹುಟ್ಟಿನಿಂದ ಹೆಚ್ಚುಕಡಿಮೆಗಳನ್ನು ಎಣಿಸುವುದು ಸಲ್ಲದೆಂದು ಶರಣರು ಅನುಭಾವದಿಂದ ಸಾರಿದರು. ರಕ್ತವನ್ನು ಪರೀಕ್ಷಿಸಿದವರೂ ಕಡೆಗೆ ಕುಲಶುದ್ಧಿಯನ್ನು ಎಲ್ಲಿಯೂ ಕಾಣಲಿಲ್ಲ.

ಇನ್ನು ಚಿಕಿತ್ಸೆಯ ವಿಷಯ. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಹದಿನೇಳು ತಿಂಗಳಿನ ಹೆಣ್ಣುಮಗುವೊಂದಕ್ಕೆ ಈ ರೋಗವಿರುವುದು ಗೊತ್ತಾಯಿತು. ಮಗು ಕುಳಿತುಕೊಳ್ಳಲಾರದು, ನಿಲ್ಲಲಾರದು. ಅಳುತ್ತ ತಲೆಯನ್ನು ಬಡಿದುಕೊಳ್ಳುತ್ತಿತ್ತು. ರೋಗದ ಹೆಸರನ್ನು ಹೇಳಿ ವೈದ್ಯರು ತಮ್ಮ ಕೆಲಸ ಮುಗಿಯಿತೆಂದುಕೊಂಡಿರಬಹುದು. ತಾಯಿ ಮಾತ್ರ ಹಾಗೆ ತಿಳಿಯಲಿಲ್ಲ. ದಿನವೂ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತು, ಏನಾದರೂ ಉಪಾಯವನ್ನು ಹುಡುಕಿರೆಂದು ಡಾಕ್ಟರ್ ಹಾರ್ಸ್ಟ್ ಬಿಕೆಲ್ ಅವರನ್ನು ಕೇಳತೊಡಗಿದಳು. ಬಿಕೆಲ್ ತಮ್ಮ ಸಹೋದ್ಯೋಗಿಗಳಾದ ಜಾನ್ ಜೆರಾರ್ಡ್ ಮತ್ತು ಎವೆಲಿನ್ ಹಿಕ್‌ಮನ್ಸ್ ಅವರೊಡನೆ, ಹಾಲಿನ ಪ್ರೋಟೀನನ್ನು ಆಮ್ಲದಿಂದ ಒಡೆದು, ಇದ್ದಿಲಿನ ಮೂಲಕ ಸೋಸಿ, ಅದರಲ್ಲಿದ್ದ ಫೀನೈಲ್‌ಅಲನೀನನ್ನು ತೆಗೆದು, ಉಳಿದುದನ್ನು ಮಗುವಿಗೆ ಆಹಾರವಾಗಿ ಕೊಟ್ಟರು. ಆ ಅಂಶವನ್ನು ಸಂಪೂರ್ಣವಾಗಿ ತೆಗೆದಾಗ ಮಗು ಸೊರಗಿತು, ಏಕೆಂದರೆ ಶರೀರದ ಬೆಳವಣಿಗೆಗೆ ಅದು ಸ್ವಲ್ಪವಾದರೂ ಬೇಕು. ಸ್ವಲ್ಪ ಹಾಲನ್ನು ಅಳೆದು ಸೇರಿಸಿದ ಮೇಲೆ ಚೇತರಿಸಿಕೊಂಡಿತು. ಕೆಲವು ತಿಂಗಳುಗಳಲ್ಲಿ ಮಗು ಅಂಬೆಗಾಲಿಡಲು ಕಲಿತಿತು, ನಿಂತಿತು, ತಲೆ ಬಡಿದುಕೊಳ್ಳುವುದನ್ನು ಬಿಟ್ಟಿತು.

ಆಮೇಲೆ ನಡೆದ ಸಂಗತಿಯೊಂದು ನೀತಿಯನ್ನು ಚಿಂತಿಸುವವರಿಗೆ ಬಹಳ ಮುಖ್ಯವಾದುದು. ಈ ಸುಧಾರಣೆ ಆಹಾರದಿಂದಲೇ ಆಯಿತೋ ಬೇರೆ ಕಾರಣದಿಂದಲೋ ಎಂಬುದನ್ನು ನಿಶ್ಚಯಿಸಲು ವೈದ್ಯರು, ತಾಯಿಗೆ ತಿಳಿಸದೆಯೇ, ಮಗುವಿನ ಆಹಾರಕ್ಕೆ ಫೀನೈಲ್‌ಅಲನೀನನ್ನು ಮತ್ತೆ ಬೆರೆಸಿದರು. ಒಂದೆರಡು ದಿನಗಳಲ್ಲಿಯೇ ಮಗು ತಾನು ತಿಂಗಳುಗಳ ಕಾಲ ಗಳಿಸಿದ್ದ ಬಹುಭಾಗವನ್ನು ಕಳೆದುಕೊಂಡು ಹಿಂದಿನಂತೆ ಅಳತೊಡಗಿತು. ಅನಂತರ ತಾಯಿಯ ಒಪ್ಪಿಗೆಯನ್ನು ಪಡೆದು ಆಸ್ಪತ್ರೆಯಲ್ಲಿಯೇ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರು. 1953ರಲ್ಲಿ ಇದೆಲ್ಲವೂ ಪ್ರಕಟವಾಯಿತು. ಲೋಕದ ಎಷ್ಟೋ ಮಕ್ಕಳಿಗೆ ಇದರಿಂದ ಉಪಕಾರವಾಯಿತೆಂಬುದು ನಿಜ. ಹಾಗಿದ್ದರೂ ಆ ಮೊದಲನೆಯ ಪರೀಕ್ಷೆಯನ್ನು ಮನಸ್ಸು ಒಪ್ಪುವುದಿಲ್ಲ. ಬಾಗಿಲಲ್ಲಿ ನಿಂತು ಬೇಡಿದ ತಾಯಿಗೆ ತಿಳಿಯಬೇಕಾದುದು ತಿಳಿಯಲಿಲ್ಲ. ಹೆಚ್ಚು ತಿಳಿದವನ ಮೇಲೆ ಹೆಚ್ಚು ಹೊಣೆಯುಂಟೆಂಬ ಮಾತು ಮನೆಯವರಿಗೆ ಹೇಗೋ ವೈದ್ಯನಿಗೂ ಹಾಗೆಯೇ ಅನ್ವಯಿಸುತ್ತದೆ. ಪರರ ಹಿತಕ್ಕಾಗಿ ಎಂಬ ಕಾರಣವು ನಂಬಿದವರಿಂದ ಮರೆಮಾಡುವುದಕ್ಕೆ ಪರವಾನಗಿಯಾಗಬಾರದು. ಇಂದು ವೈದ್ಯಲೋಕವೂ, ತಿಳಿಸಿ ಒಪ್ಪಿಗೆ ಪಡೆಯದೆ ಇಂಥ ಪ್ರಯೋಗವನ್ನು ಮಾಡಬಾರದೆಂಬ ನಿಯಮವನ್ನು ಸ್ವೀಕರಿಸಿದೆ.

ಆಹಾರದಿಂದ ರೋಗವನ್ನು ತಡೆಯಬಹುದೆಂದು ತಿಳಿದರೂ ಒಂದು ತೊಡಕು ಉಳಿಯಿತು. ಲಕ್ಷಣಗಳು ಕಂಡ ಮೇಲೆ ಆಹಾರವನ್ನು ಬದಲಿಸಿದರೆ ಆಗಿಹೋದ ಹಾನಿ ಬಹುಮಟ್ಟಿಗೆ ಹಿಂದಿರುಗದು. ಹುಟ್ಟಿದ ಕೆಲವೇ ದಿನಗಳಲ್ಲಿ, ಮಗು ಚೆನ್ನಾಗಿಯೇ ಇರುವಾಗ, ರೋಗವನ್ನು ಗುರುತಿಸಬೇಕು. ಈ ಉಪಾಯವನ್ನು ಕಂಡುಹಿಡಿದವರು ಅಮೆರಿಕದ ರಾಬರ್ಟ್ ಗತ್ರಿ. ಅವರ ಮಗನೊಬ್ಬನಿಗೆ ಬುದ್ಧಿಮಾಂದ್ಯವಿತ್ತು; ಬಂಧುಗಳ ಮಗಳೊಬ್ಬಳಿಗೆ ಇದೇ ಫೀನೈಲ್‌ಕೀಟೋನೂರಿಯಾ ಇತ್ತು. ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ತೆಗೆದ ಒಂದೆರಡು ಹನಿ ರಕ್ತವನ್ನು ಸೋಸುಕಾಗದದ ಮೇಲೆ ಒಣಗಿಸಿ, ಆ ತುಣುಕನ್ನು ಒಂದು ಬಗೆಯ ಸೂಕ್ಷ್ಮಜೀವಿಯಿರುವ ತಟ್ಟೆಯಲ್ಲಿಟ್ಟರೆ, ರಕ್ತದಲ್ಲಿ ಫೀನೈಲ್‌ಅಲನೀನ್ ಹೆಚ್ಚಾಗಿದ್ದಲ್ಲಿ ಸೂಕ್ಷ್ಮಜೀವಿ ಸುತ್ತಲೂ ಬೆಳೆದು ಕಾಣಿಸಿಕೊಳ್ಳುತ್ತದೆ. 1963ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ಪರೀಕ್ಷೆಯನ್ನು ಎಲ್ಲ ಶಿಶುಗಳಿಗೂ ಕಡ್ಡಾಯ ಮಾಡಿತು. ಬೇರೆ ಸಂಸ್ಥಾನಗಳೂ ದೇಶಗಳೂ ಅನುಸರಿಸಿದವು. ಪರೀಕ್ಷೆಯ ಸಾಮಗ್ರಿಯನ್ನು ತಯಾರಿಸಲು ಹೊರಟ ಕಂಪನಿಯೊಂದು, ಗತ್ರಿಯವರಿಗೆ ಸುಮಾರು 6 ಡಾಲರಿಗೆ ತಯಾರಾಗುತ್ತಿದ್ದ ಪೆಟ್ಟಿಗೆಗೆ 262 ಡಾಲರ್ ಬೆಲೆಯಿಡಲು ಬಯಸಿದಾಗ ಗತ್ರಿ ಪ್ರತಿಭಟಿಸಿದರು. ಆ ಕಂಪನಿಗೆ ಏಕಸ್ವಾಮ್ಯ ದೊರೆಯಲಿಲ್ಲ. ತಾವು ಕಂಡುಹಿಡಿದುದರಿಂದ ಲಾಭವನ್ನು ಅವರು ಬಯಸಿರಲಿಲ್ಲ. ದುಡಿದ ಫಲವನ್ನು ಸಮಾಜಕ್ಕೆ ಸಲ್ಲಿಸುವುದೇ ದಾಸೋಹವೆಂದು ಬಲ್ಲ ನಮ್ಮ ವಾಚಕರಿಗೆ ಈ ನಡತೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಮನೆಯ ಅಡುಗೆಕೋಣೆಗೆ ಬರೋಣ. ಈ ರೋಗವುಳ್ಳ ಮಗುವಿಗೆ ತಾಯಿಯ ಹಾಲೂ ಅಳತೆಯಲ್ಲಿ. ಮುಂದೆ ಅನ್ನವೂ ರೊಟ್ಟಿಯೂ ತೂಕದಲ್ಲಿ. ಬೇಳೆಯ ಸಾರು, ಮೊಸರು, ಶೇಂಗಾ, ಕಡಲೆ, ಹಾಲಿನ ಪಾಯಸ ಇವೆಲ್ಲ ಬಹುಮಟ್ಟಿಗೆ ವರ್ಜ್ಯ. ಕೊರತೆಯಾಗುವ ಪ್ರೋಟೀನಿಗಾಗಿ, ರುಚಿಯಿಲ್ಲದ ಔಷಧಾಹಾರವನ್ನು ದಿನವೂ ಕುಡಿಯಬೇಕು. 2007ರ ಈಚೆಗೆ ಕೆಲವು ರೋಗಿಗಳಿಗೆ ಸಹಾಯ ಮಾಡುವ ಔಷಧಗಳು ಬಂದಿವೆಯಾದರೂ ಬಹುಜನರಿಗೆ ಇಂದಿಗೂ ಆಹಾರನಿಯಮವೇ ಆಧಾರ. ಇಂಥ ಮನೆಯಲ್ಲಿ ಅಜ್ಜಿಯು ಮೊಮ್ಮಗುವಿನ ಮೇಲಿನ ಅಕ್ಕರೆಯಿಂದ, 'ಪಾಪ, ಕೂಸು ನೋಡುತ್ತಾ ಕೂತಿದೆ' ಎಂದು ಸೊಸೆಯ ಕಣ್ಣು ತಪ್ಪಿಸಿ ಒಂದು ಬಟ್ಟಲು ಪಾಯಸ ಕೊಟ್ಟರೆ ಆ ಪ್ರೀತಿಯನ್ನು ಏನೆಂದು ಕರೆಯಬೇಕು? ಅವಳ ಹೃದಯ ನಿರ್ಮಲವಾದುದು. ಆದರೂ ಮಗುವಿಗೆ ಕೇಡೇ ಆಗುತ್ತದೆ. ಅಡುಗೆಮನೆಯಲ್ಲಿ ತಕ್ಕಡಿಯನ್ನು ಹಿಡಿದು, ಅಳುವ ಮಗುವಿಗೆ 'ಇಲ್ಲ' ಎನ್ನುವ ತಾಯಿ ನಿರ್ದಯಳಂತೆ ಕಾಣುತ್ತಾಳೆ. ಮಗುವಿನ ಬುದ್ಧಿ ಉಳಿಯುವುದು ಅವಳಿಂದ. ದಯೆಗೆ ಹೃದಯವಿದ್ದರೆ ಸಾಲದು, ಕಣ್ಣೂ ಬೇಕು. ನಮ್ಮ ದಾಸೋಹದ ಪಂಕ್ತಿಗಳಲ್ಲಿಯೂ ಇದನ್ನು ನೆನಪಿಡತಕ್ಕದ್ದು. ಒಂದು ಮಗು ತನಗೆ ಬಡಿಸಿದುದನ್ನು ತಿನ್ನಲಾರದೆಂದು ತಾಯಿ ಹೇಳಿದರೆ, ಪ್ರಸಾದವನ್ನು ಬೇಡವೆಂದರೆಂದು ಹುಬ್ಬೇರಿಸದೆ, ಅದರ ಎಲೆಗೆ ಅದು ಉಣ್ಣಬಲ್ಲ ಒಂದು ಹಣ್ಣನ್ನೋ ತುಸು ಅನ್ನವನ್ನೋ ತಾಯಿಯನ್ನು ಕೇಳಿ ಬಡಿಸುವುದೇ ಪಂಕ್ತಿಯ ಸಮತೆ.

ಅರ್ಧದಾರಿಯಲ್ಲಿ ನಿಂತ ದಯೆಯಿಂದ ಆಗುವ ಅನಾಹುತಕ್ಕೂ ಈ ರೋಗದ ಚರಿತ್ರೆಯಲ್ಲಿ ನಿದರ್ಶನವುಂಟು. ಮೊದಮೊದಲು ವೈದ್ಯರು ಮಗುವಿಗೆ ಐದಾರು ವರ್ಷವಾದ ಮೇಲೆ ಮೆದುಳು ಬೆಳೆದಿತೆಂದು ಆಹಾರನಿಯಮವನ್ನು ಬಿಡಿಸುತ್ತಿದ್ದರು. ಹಾಗೆ ಉಳಿದುಬಂದ ಹೆಣ್ಣುಮಕ್ಕಳು ದೊಡ್ಡವರಾಗಿ, ಮದುವೆಯಾಗಿ, ತಾಯಂದಿರಾದರು. ಅವರ ಮಕ್ಕಳಲ್ಲಿ ಬಹುಜನರಿಗೆ ಆ ರೋಗ ಬಂದಿರಲಿಲ್ಲ. ಆದರೂ ತಾಯಿಯ ರಕ್ತದಲ್ಲಿ ತುಂಬಿದ್ದ ಫೀನೈಲ್‌ಅಲನೀನಿನಿಂದ ಗರ್ಭದಲ್ಲಿಯೇ ಅವರ ಮೆದುಳು ಕೆಟ್ಟಿತು. 1980ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಿಂದ ಇದರ ಭೀಕರತೆ ಸ್ಪಷ್ಟವಾಯಿತು. ಗರ್ಭ ಧರಿಸುವ ಮೊದಲೇ ಆಹಾರನಿಯಮವನ್ನು ಹಿಡಿದು ಕಡೆಯವರೆಗೂ ನಡೆಸಿದರೆ ಇಂಥವರಿಗೂ ಆರೋಗ್ಯವಂತ ಮಕ್ಕಳಾಗುತ್ತಾರೆ. ಇಂದು ಆಹಾರನಿಯಮವನ್ನು ಜೀವಮಾನಪರ್ಯಂತ ಪಾಲಿಸಬೇಕೆಂದು ಹೇಳುವರು. ಒಬ್ಬರನ್ನು ರಕ್ಷಿಸಿದೆವೆಂದು ಕೈತೊಳೆದುಕೊಳ್ಳುವುದಕ್ಕೆ ಯಾವ ದಿನವೂ ಗೊತ್ತಾಗಿಲ್ಲ.

ನಮ್ಮ ನಾಡಿನ ಗೃಹಸ್ಥರಿಗೆ ಸಂಬಂಧಪಟ್ಟ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ದಕ್ಷಿಣದೇಶದಲ್ಲಿ ಬಹುಕಾಲದ ರೂಢಿ. 1980ರ ದಶಕದಲ್ಲಿ ಬೆಂಗಳೂರು ಮೈಸೂರುಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಪರಿಶೀಲಿಸಿದ ಮದುವೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಹತ್ತಿರದ ರಕ್ತಸಂಬಂಧದಲ್ಲಿ ಆದುವೆಂದು ಕಂಡುಬಂದಿತು. ಮಾವನೂ ಸೊಸೆಯೂ ವಂಶವಾಹಿಗಳಲ್ಲಿ ನಾಲ್ಕನೆಯ ಒಂದು ಪಾಲನ್ನು, ಅತ್ತೆಮಾವಂದಿರ ಮಕ್ಕಳು ಎಂಟನೆಯ ಒಂದು ಪಾಲನ್ನು ಸರಾಸರಿಯಾಗಿ ಹಂಚಿಕೊಂಡಿರುತ್ತಾರೆ. ಆದುದರಿಂದ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲಿಯೂ ಇರುವ ಸಂಭವ ಹೆಚ್ಚು. ಇಂಥ ಮದುವೆಯಾದವರು ಪಾಪ ಮಾಡಿದರೆಂದಲ್ಲ. ಅವರಲ್ಲಿ ಬಹುಜನರ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಆದರೆ ಮನೆತನದಲ್ಲಿ ಇಂಥ ರೋಗ ಒಮ್ಮೆ ಕಂಡಿದ್ದರೆ, ಅದನ್ನು ತಿಳಿದೂ, ಆಸ್ತಿ ಹೊರಗೆ ಹೋಗಬಾರದೆಂದು ಹತ್ತಿರದ ಸಂಬಂಧವನ್ನೇ ಹಟದಿಂದ ಮಾಡುವುದು ಬೇರೆಯ ಮಾತು. ಆಗ ವೈದ್ಯರನ್ನು ಕೇಳಿ ಮುಂದುವರಿಯುವುದು ಹಿರಿಯರ ಕರ್ತವ್ಯ.

ಕೇಳಬೇಕಾದರೆ ಮೊದಲು ಹೇಳಬೇಕು. ನಮ್ಮಲ್ಲಿ ಹೇಳುವುದೇ ಕಷ್ಟ. ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಕ್ಕದೆಂದು ರೋಗಿಯಾದ ಮಗುವನ್ನು ಒಳಕೋಣೆಯಲ್ಲಿ ಬಚ್ಚಿಡುವರು. ಇದು ನಮ್ಮ ದೇಶದ್ದೊಂದೇ ಅವಗುಣವಲ್ಲ. 1938ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಅಮೆರಿಕದ ಲೇಖಕಿ ಪರ್ಲ್ ಬಕ್ ಅವರ ಮಗಳಿಗೆ ಬುದ್ಧಿ ಬೆಳೆಯಲಿಲ್ಲ. ಬಹುಕಾಲ ಅವರು ಈ ವಿಷಯವನ್ನು ಲೋಕದೆದುರು ಎತ್ತಲಿಲ್ಲ. 1950ರಲ್ಲಿ ಆ ಮಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ರೋಗವು ಫೀನೈಲ್‌ಕೀಟೋನೂರಿಯಾ ಎಂಬುದು ಅದಕ್ಕೂ ಅನಂತರ ತಿಳಿಯಿತು. ಅವರು ಬಾಯಿಬಿಟ್ಟುದರಿಂದ ಮಗಳಿಗೆ ಗುಣವಾಗಲಿಲ್ಲ. ಆದರೆ ಅಂಥ ಮಕ್ಕಳುಳ್ಳ ಎಷ್ಟೋ ಮನೆಗಳವರಿಗೆ ತಾವು ಒಂಟಿಯಲ್ಲವೆಂಬ ಧೈರ್ಯ ಬಂದಿತು. ಬಚ್ಚಿಟ್ಟ ರೋಗವು ಮುಂದಿನ ಮಗುವಿಗೆ ಬರುವುದನ್ನು ತಡೆಯಲಾಗದು. ಹೇಳಿದ ರೋಗಕ್ಕೆ ಉಪಾಯವನ್ನು ಹುಡುಕಬಹುದು. ನಮ್ಮ ದೇಶದಲ್ಲಿ ಹಿಮ್ಮಡಿಯ ರಕ್ತಪರೀಕ್ಷೆ ಎಲ್ಲೆಡೆಯೂ ಕಡ್ಡಾಯವಾಗಿಲ್ಲ. ಆದುದರಿಂದ ಹೆರಿಗೆಯಾದ ಆಸ್ಪತ್ರೆಯಲ್ಲಿ ಮನೆಯವರೇ ಕೇಳಿ ಅದನ್ನು ಮಾಡಿಸುವುದು ವಿಹಿತ.

ಎಲ್ಲ ಹುಟ್ಟುದೋಷಗಳಿಗೂ ಇಷ್ಟು ಸುಲಭವಾದ ಉಪಾಯವಿಲ್ಲವೆಂಬುದನ್ನೂ ಒಪ್ಪಬೇಕು. ಟೇ-ಸ್ಯಾಕ್ಸ್ ಎಂಬ ರೋಗವನ್ನು ಗುಣಪಡಿಸುವ ಚಿಕಿತ್ಸೆ ಇನ್ನೂ ದೊರೆತಿಲ್ಲ. ಗೋಷೆ ಎಂಬ ರೋಗಕ್ಕೆ, ಇಲ್ಲದ ಕಿಣ್ವವನ್ನೇ ರಕ್ತಕ್ಕೆ ಸೇರಿಸುವ ಚಿಕಿತ್ಸೆ 1991ರಲ್ಲಿ ಬಂದಿತು. ಅದರ ವೆಚ್ಚ ಸಾಮಾನ್ಯ ಗೃಹಸ್ಥನ ಶಕ್ತಿಗೆ ಮೀರಿದುದು. 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಶರೀರದಲ್ಲಿ ಅಮೋನಿಯಾ ಕೂಡಿಕೊಳ್ಳುವ ಹುಟ್ಟುದೋಷವುಳ್ಳ ಒಂದು ಶಿಶುವಿಗಾಗಿಯೇ, ಅದರ ವಂಶವಾಹಿಯ ತಪ್ಪಕ್ಷರವನ್ನು ಯಕೃತ್ತಿನಲ್ಲಿ ತಿದ್ದುವ ಔಷಧವನ್ನು ತಯಾರಿಸಿ ಕೊಟ್ಟುದು ವರದಿಯಾಯಿತು. ಭಾರತ ಸರ್ಕಾರವು 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, 2022ರಲ್ಲಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗಳವರೆಗೆ ನೆರವು ಕೊಡುವುದಾಗಿ ಏರ್ಪಡಿಸಿತು. ಅದಕ್ಕಾಗಿ ಗೊತ್ತುಮಾಡಿದ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ಒಂದು ಮಗುವಿಗಾಗಿ ಇಷ್ಟು ಹಣವೇ, ಇದರಿಂದ ನೂರು ಮಕ್ಕಳಿಗೆ ಲಸಿಕೆ ಹಾಕಿಸಬಾರದೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಭಂಡಾರಕ್ಕೆ ಮಿತಿಯಿರುವುದು ನಿಜ. ಆದರೆ ಕೇಳುವ ಮೊದಲು ಆ ಇನ್ನೂರು ಜನರನ್ನು ನೆನೆಯಬೇಕು. ಕೊರತೆಯನ್ನು ಹಂಚಿಕೊಂಡು ಹೊತ್ತವರು ಅವರು, ಅಂದರೆ ನಾವು. ಇಬ್ಬರ ಪಾಲು ಕೂಡಿ ಅದರ ಪೂರ್ಣ ಭಾರವನ್ನು ತಾಳಿದುದು ಆ ಒಂದು ಮಗು. ನಮ್ಮೆಲ್ಲರ ಪಾಲಿನದನ್ನು ಅದು ಹೊತ್ತಿರುವಾಗ, ಅದರ ಚಿಕಿತ್ಸೆಗೆ ನಾವು ಕೊಡುವುದನ್ನು ದಾನವೆನ್ನುವುದು ಹೇಗೆ? ಅದು ಸಾಲದ ತೀರುವೆ.

ಹಾಗಾದರೆ, ಹುಟ್ಟಿನೊಡನೆ ಬಂದ ರೋಗಕ್ಕೆ ಹೊಣೆ ಯಾರು? ಬಂದುದಕ್ಕೆ ಯಾರೂ ಹೊಣೆಯಲ್ಲ. ತಾಯಿಯಲ್ಲ, ತಂದೆಯಲ್ಲ, ಅಜ್ಜನಲ್ಲ, ತೊಟ್ಟಿಲಿನಲ್ಲಿರುವ ಮಗುವಂತೂ ಅಲ್ಲವೇ ಅಲ್ಲ. ಬಂದ ಮೇಲೆ ಏನು ಮಾಡುವೆವೆಂಬುದಕ್ಕೆ ಮಾತ್ರ ತಿಳಿದವರೆಲ್ಲರೂ ಹೊಣೆಗಾರರು. ವೈದ್ಯನು ಮರೆಮಾಡದೆ ಹೇಳಬೇಕು. ಮನೆಯವರು ಅಳೆದು ಬಡಿಸಬೇಕು. ಬಂಧುಗಳು ಸೊಸೆಯನ್ನು ದೂರದೆ ಅವಳ ಕೈಯ ಕೆಲಸಕ್ಕೆ ಹೆಗಲು ಕೊಡಬೇಕು. ಸಮಾಜವು ಔಷಧಾಹಾರದ ವೆಚ್ಚದಲ್ಲಿ ತನ್ನ ಪಾಲನ್ನು ಕೊಡಬೇಕು. ಗುಣವಾಗದ ರೋಗವಾದರೆ ಉಪಚಾರವೇ ಚಿಕಿತ್ಸೆ. ಇಂಥ ಮಗು ಯಾವ ಸದ್ಭಕ್ತರ ಮನೆಯಲ್ಲಿದೆಯೋ ಅವರು ಇಂದೇ ಅದನ್ನು ಒಳಕೋಣೆಯಿಂದ ಹೊರಗೆ ಕರೆತಂದು, ತಿಳಿದ ವೈದ್ಯರಿಗೆ ತೋರಿಸಿ, ತಮ್ಮ ಜೊತೆಯಲ್ಲಿಯೇ ಊಟಕ್ಕೆ ಕುಳ್ಳಿರಿಸಿಕೊಳ್ಳಲಿ.